ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಹಳೆ ಪಿಸಿಗೆ ಫ್ಲಾಪಿ ಡ್ರೈವ್ ಜೋಡಿಸುವಾಗ

ಐಬಿಎಂ ಪಿಸಿ (1981), ಎಕ್ಸ್‌ಟಿ (1983), ಎಟಿ (1984) ಹಾಗೂ ಅವುಗಳ ಮಾದರಿಯಲ್ಲಿ ಬಂದ ಯಂತ್ರಗಳಿಗೆ ಮತ್ತೆ ಜೀವ ಕೊಡಲು ಹೊರಟವರ ಪತ್ರಗಳಿಗೆ ಈ ಬಾರಿಯ ಅಂಕಣ ಮೀಸಲು. ಆ ಯಂತ್ರಗಳನ್ನು ನಡೆಸುವ ಮೂಲ ತಂತ್ರಾಂಶವಾದ ಡಾಸ್‌ನ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ರೋಮನ್ ಅಕ್ಷರಗಳನ್ನೇ ಬಳಸಬೇಕು.

ಪ್ರಶ್ನೆ: ಎಕ್ಸ್‌ಟಿ ಮಾದರಿಯ ಯಂತ್ರಕ್ಕೆ 360 ಕೆಬಿಯ ಎರಡು 5.25 ಅಂಗುಲದ ಡ್ರೈವ್ ಹಾಕಿದ್ದೇನೆ. ಫ್ಲಾಪಿ ಕೇಬಲ್ ಹರಿದಿದ್ದರಿಂದ ಅದೇ ಪೆಟ್ಟಿಗೆಯ ಹಳೆ ಹಾರ್ಡ್ ಡಿಸ್ಕಿನ 34 ಎಳೆಯ ಕೇಬಲ್ ಹಾಕಿದೆ. ಅದರಲ್ಲೂ ತಿರುಚು ಇದೆ. ಎ: ಎಂದರೆ ಯಾವ ಡ್ರೈವೂ ಅಲುಗುವುದಿಲ್ಲ, ಬಿ: ಎಂದರೆ ಎರಡರ ದೀಪವೂ ಒಟ್ಟಿಗೆ ಹತ್ತುತ್ತದೆ. ಡ್ರೈವ್‌ಗಳು ಕೆಟ್ಟಿವೆಯೇ? – ದಾವಣಗೆರೆಯ ಓದುಗರು

ಉತ್ತರ: ಡ್ರೈವ್ ಕೆಟ್ಟಿಲ್ಲ, ಕೇಬಲ್ ತಪ್ಪು. ನೀವು ಬರೆದಿರುವ ಲಕ್ಷಣವೇ ಅದನ್ನು ಹೇಳುತ್ತದೆ.

ಆ ಕಾಲದ ಎಂಎಫ್ಎಂ ಹಾರ್ಡ್ ಡಿಸ್ಕಿನ ಕೇಬಲ್‌ಗೂ 34 ಎಳೆ, ಫ್ಲಾಪಿಯದಕ್ಕೂ 34 ಎಳೆ. ಎರಡರಲ್ಲೂ ಕೊನೆಯ ಕನೆಕ್ಟರಿಗೆ ಮೊದಲು ಕೆಲವು ಎಳೆಗಳನ್ನು ಸೀಳಿ ತಿರುಚಿರುತ್ತಾರೆ, ಆದರೆ ತಿರುಚಿದ ಜಾಗ ಬೇರೆ. ಕೆಂಪು ಗೆರೆಯಿರುವ ಅಂಚು 1ನೇ ಎಳೆ ಎಂದಿಟ್ಟುಕೊಂಡು ಎಣಿಸಿ. ಫ್ಲಾಪಿ ಕೇಬಲ್‌ನಲ್ಲಿ 10ರಿಂದ 16ರವರೆಗಿನ ಏಳು ಎಳೆ ತಿರುಚಿರುತ್ತವೆ. ಹಾರ್ಡ್ ಡಿಸ್ಕಿನದರಲ್ಲಿ 25ರಿಂದ 29ರವರೆಗಿನ ಐದು. ಅಂದರೆ ತಿರುಚು ಕೆಂಪು ಗೆರೆಯ ಕಡೆಗಿದ್ದರೆ ಫ್ಲಾಪಿಯದು, ಆಚೆ ಅಂಚಿನ ಕಡೆಗಿದ್ದರೆ ಹಾರ್ಡ್ ಡಿಸ್ಕಿನದು.

ಈ ತಿರುಚು ಏನು ಮಾಡುತ್ತದೆ ಎಂದು ಒಮ್ಮೆ ತಿಳಿದರೆ ಮುಂದಿನ ಎಷ್ಟೋ ತೊಂದರೆಗಳನ್ನು ನೀವೇ ಬಿಡಿಸಬಹುದು. ಶುಗಾರ್ಟ್ ಕಂಪನಿಯ ಮೂಲ ಏರ್ಪಾಟಿನಲ್ಲಿ 10, 12, 14ನೇ ಪಿನ್ನುಗಳು ಒಂದೊಂದು ಡ್ರೈವನ್ನು ಕರೆಯುತ್ತಿದ್ದವು. 16ನೇ ಪಿನ್ ಎಲ್ಲ ಡ್ರೈವ್‌ಗಳ ಮೋಟಾರನ್ನೂ ಓಡಿಸುತ್ತಿತ್ತು. ಯಾವ ಡ್ರೈವ್ ಯಾವ ಪಿನ್ನಿಗೆ ಓಗೊಡಬೇಕೆಂದು ಜಂಪರ್ (ಎರಡು ಪಿನ್ನುಗಳನ್ನು ಬೆಸೆಯುವ ಪುಟ್ಟ ಬಿರಡೆ) ಹಾಕಿ ಹೇಳಬೇಕಿತ್ತು. ಐಬಿಎಂ ಈ ನಾಲ್ಕು ಪಿನ್ನುಗಳನ್ನು ಬೇರೆ ರೀತಿ ಹಂಚಿತು: 10 ಎ ಡ್ರೈವಿನ ಮೋಟಾರ್, 12 ಬಿ ಡ್ರೈವಿನ ಆಯ್ಕೆ, 14 ಎ ಡ್ರೈವಿನ ಆಯ್ಕೆ, 16 ಬಿ ಡ್ರೈವಿನ ಮೋಟಾರ್. ಆಮೇಲೆ ಎಲ್ಲ ಡ್ರೈವ್‌ಗಳ ಜಂಪರನ್ನೂ ಎರಡನೆಯ ಸ್ಥಾನದಲ್ಲೇ ಇಟ್ಟಿತು. ಹಾಗಾಗಿ ಪ್ರತಿ ಡ್ರೈವೂ 12ಕ್ಕೆ ಓಗೊಡುತ್ತದೆ, 16ಕ್ಕೆ ತಿರುಗುತ್ತದೆ. ತಿರುಚಿಗೆ ಮುಂಚಿನ ಕನೆಕ್ಟರಿನಲ್ಲಿರುವ ಡ್ರೈವಿಗೆ ಈ ಎರಡು ಸಂಕೇತ ನೇರವಾಗಿ ಸಿಗುವುದರಿಂದ ಅದು ಬಿ. ತಿರುಚಿನ ನಂತರದ ಡ್ರೈವಿಗೆ 12ರ ಜಾಗದಲ್ಲಿ 14 ಸಿಗುತ್ತದೆ, 16ರ ಜಾಗದಲ್ಲಿ 10 ಸಿಗುತ್ತದೆ, ಅದು ಎ. ಜಂಪರ್ ಮುಟ್ಟದೆ ಡ್ರೈವ್ ಹಾಕಲಿ ಎಂದು ಮಾಡಿದ ಉಪಾಯ, ಒಳ್ಳೆಯದೇ.

ನಿಮ್ಮ ಹಾರ್ಡ್ ಡಿಸ್ಕ್ ಕೇಬಲ್‌ನಲ್ಲಿ 10ರಿಂದ 16ರ ಎಳೆಗಳು ಕೊನೆಯವರೆಗೂ ನೇರ. ಎರಡು ಡ್ರೈವೂ ತಾವೇ ಬಿ ಎಂದುಕೊಂಡಿವೆ, ಎ ಕರೆಗೆ ಓಗೊಡುವವರೇ ಇಲ್ಲ. ಯಂತ್ರ ಶುರುವಾಗುವಾಗ 601 ಎಂಬ ದೋಷಸಂಖ್ಯೆ ಬಂದಿದ್ದರೆ ಅದಕ್ಕೂ ಕಾರಣ ಇದೇ. ಐದು ಕನೆಕ್ಟರಿನ ಕೇಬಲ್ ಕೊಂಡರೆ ಇನ್ನೊಂದು ಎಚ್ಚರ ಬೇಕು. ತಿರುಚಿಗೆ ಮುಂಚೆ ಎರಡು, ಆಮೇಲೆ ಎರಡು ಕನೆಕ್ಟರ್ ಇರುವುದು ಎರಡು ಗಾತ್ರದ ಡ್ರೈವ್‌ಗಳಿಗಾಗಿ, ನಾಲ್ಕು ಡ್ರೈವ್ ಹಾಕಲಿಕ್ಕಲ್ಲ. ಒಂದೇ ಜೋಡಿಯ ಎರಡಕ್ಕೂ ಡ್ರೈವ್ ಸಿಕ್ಕಿಸಿದರೆ ಇದೇ ತೊಂದರೆ ಮರುಕಳಿಸುತ್ತದೆ.

ಸರಿಯಾದ ಕೇಬಲ್ ಹಾಕಿದ ಮೇಲೆ ಜಂಪರ್ ನೋಡಿ. ಡ್ರೈವಿನ ಮೇಲೆ ಡಿಎಸ್0ಯಿಂದ ಡಿಎಸ್3 ಎಂದು ಬರೆದಿದ್ದರೆ ಡಿಎಸ್1. ಡಿಎಸ್1ರಿಂದ ಡಿಎಸ್4 ಎಂದಿದ್ದರೆ ಡಿಎಸ್2. ಎರಡೂ ಡ್ರೈವಿಗೆ ಒಂದೇ. ಮೊದಲನೆಯದು ಎ, ಎರಡನೆಯದು ಬಿ ಎಂದುಕೊಂಡು ಬೇರೆ ಬೇರೆ ಸ್ಥಾನಕ್ಕೆ ಹಾಕುವವರೇ ಹೆಚ್ಚು. ಹಾಗೆ ಹಾಕಿದಾಗ ಎ: ಎಂದರೆ ತುದಿಯ ಡ್ರೈವಿನ ಮೋಟಾರ್ ತಿರುಗುತ್ತದೆ, ದೀಪ ಹತ್ತುವುದಿಲ್ಲ. ಮೋಟಾರೂ ಇಲ್ಲ ದೀಪವೂ ಇಲ್ಲ ಎಂದರೆ ಕೇಬಲ್ ನೋಡಿ; ಮೋಟಾರ್ ಮಾತ್ರ ಇದ್ದರೆ ಜಂಪರ್ ನೋಡಿ.

ಮೂರನೆಯದು ಟರ್ಮಿನೇಟರ್, ಅಂದರೆ ಕೇಬಲಿನ ತುದಿಯಲ್ಲಿ ಸಂಕೇತ ಮರಳಿ ಪುಟಿಯದಂತೆ ತಡೆಯುವ ರೆಸಿಸ್ಟರ್. ಹಳೆಯ 5.25 ಅಂಗುಲದ ಡ್ರೈವ್‌ಗಳಲ್ಲಿ ಐಸಿಯಂತೆ ಕಾಣುವ 150 ಓಮ್‌ನ ರೆಸಿಸ್ಟರ್ ಕಟ್ಟು ಸಾಕೆಟ್ಟಿನಲ್ಲಿ ಕೂತಿರುತ್ತದೆ. ಅದು ಕೇಬಲಿನ ತುದಿಯ ಡ್ರೈವಿನಲ್ಲಿ, ಅಂದರೆ ಎಯಲ್ಲಿ ಮಾತ್ರ ಇರಬೇಕು. ಬಿಯಿಂದ ಕಿತ್ತಿಡಿ, ಎಸೆಯಬೇಡಿ. 5 ವೋಲ್ಟಿನಲ್ಲಿ ಒಂದು ಕಟ್ಟಿಗೆ ಪ್ರತಿ ಎಳೆಯಲ್ಲಿ 30 ಮಿಲಿಆಂಪಿಯರ್ ಆಸುಪಾಸು ಹರಿಯುತ್ತದೆ. ಎರಡೂ ಇದ್ದರೆ 60 ದಾಟುತ್ತದೆ. 7438ರಂಥ ಚಾಲಕ ಚಿಪ್ಪಿನ ಮಿತಿ 48. ತಕ್ಷಣ ಸುಡದೇ ಇರಬಹುದು. ಆದರೆ ಒಮ್ಮೆ ಓದುತ್ತದೆ, ಒಮ್ಮೆ ಓದುವುದಿಲ್ಲ ಎಂಬ ಕಾಟ ಶುರುವಾಗುತ್ತದೆ. ಎರಡರಲ್ಲೂ ಇಲ್ಲದಿದ್ದರೂ ಅದೇ ಕಾಟ.

ಕೊನೆಗೆ ಮದರ್‌ಬೋರ್ಡಿನ ಮೊದಲನೆಯ ಸ್ವಿಚ್ ಸಾಲು. 7 ಮತ್ತು 8 ಎರಡೂ ಆನ್ ಇದ್ದರೆ ಒಂದು ಡ್ರೈವ್. 7 ಆಫ್, 8 ಆನ್ ಇದ್ದರೆ ಎರಡು. 1981ರ ಮೂಲ ಪಿಸಿಯಾದರೆ 1ನೇ ಸ್ವಿಚ್ ಆಫ್ ಇರಬೇಕು. ಆನ್ ಎಂದರೆ ಫ್ಲಾಪಿಯೇ ಇಲ್ಲ ಎಂದರ್ಥ. ಎಕ್ಸ್‌ಟಿಯಲ್ಲೂ ಅದು ಆಫ್ ಇರಬೇಕು, ಆದರೆ ಕಾರಣ ಬೇರೆ: ಆನ್ ಮಾಡಿದರೆ ಪ್ರಾರಂಭದ ಪರೀಕ್ಷೆ ಮುಗಿಯದೆ ಸುತ್ತುತ್ತಲೇ ಇರುತ್ತದೆ. ಸ್ವಿಚ್ಚುಗಳನ್ನು ಯಂತ್ರ ಶುರುವಾಗುವಾಗ ಮಾತ್ರ ಓದಲಾಗುತ್ತದೆ, ಆದ್ದರಿಂದ ವಿದ್ಯುತ್ ತೆಗೆದು ಬದಲಿಸಿ.

ಪ್ರಶ್ನೆ: ಎಟಿಯ 1.2 ಎಂಬಿ ಡ್ರೈವಿನಲ್ಲಿ ಫ್ಲಾಪಿ ಬದಲಿಸಿ ಡಿಐಆರ್ ಕೊಟ್ಟರೂ ಮೊದಲಿನ ಫ್ಲಾಪಿಯ ಪಟ್ಟಿಯೇ ಬರುತ್ತದೆ. ರಿಪೇರಿಯವರು ಡಾಸ್ ಮತ್ತೆ ಹಾಕಿಕೊಟ್ಟರು, ಏನೂ ಬದಲಾಗಲಿಲ್ಲ. – ಶಿರಸಿಯ ಓದುಗರು

ಉತ್ತರ: ಈ ಪುಟದ ತೊಂದರೆಗಳಲ್ಲೆಲ್ಲ ಅಪಾಯಕಾರಿ ಇದು. ಸರಿಯಾಗುವವರೆಗೆ ಆ ಡ್ರೈವಿನಲ್ಲಿ ಏನನ್ನೂ ಬರೆಯಬೇಡಿ. ಡಾಸ್ ಮೊದಲ ಫ್ಲಾಪಿಯ ಎಫ್ಎಟಿ ಕೋಷ್ಟಕವನ್ನು (ಯಾವ ಕಡತ ಎಲ್ಲಿದೆ ಎಂಬ ಲೆಕ್ಕ) ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಈಗ ಒಂದು ಕಡತ ಉಳಿಸಿದರೆ ಆ ಕೋಷ್ಟಕವನ್ನೇ ಎರಡನೆಯ ಫ್ಲಾಪಿಯ ಮೇಲೆ ಬರೆದುಬಿಡುತ್ತದೆ. ಅಲ್ಲಿಗೆ ಎರಡನೆಯ ಫ್ಲಾಪಿಯ ಕಡತಗಳು ಹೋದಂತೆಯೇ.

360 ಕೆಬಿ ಡ್ರೈವ್‌ಗಳ ಕಾಲದಲ್ಲಿ ಫ್ಲಾಪಿ ಬದಲಾಯಿತೇ ಎಂದು ತಿಳಿಯಲು ದಾರಿ ಇರಲಿಲ್ಲ. ಹಿಂದಿನ ಬಳಕೆಯಾಗಿ 2 ಸೆಕೆಂಡ್ ಕಳೆದಿದ್ದರೆ ಬದಲಾಗಿರಬಹುದು ಎಂದುಕೊಂಡು ಡಾಸ್ ಮತ್ತೆ ಓದುತ್ತಿತ್ತು. ಎಟಿಯಲ್ಲಿ 34ನೇ ಪಿನ್ನನ್ನು ಈ ಕೆಲಸಕ್ಕೆ ಇಟ್ಟರು. ಬಾಗಿಲು ತೆರೆದರೆ ಆ ಎಳೆ ಕೆಳಮಟ್ಟಕ್ಕೆ ಇಳಿಯುತ್ತದೆ. ಹೊಸ ಫ್ಲಾಪಿ ಹಾಕಿ ಹೆಡ್ ಒಂದು ಹೆಜ್ಜೆ ಸರಿದ ಮೇಲಷ್ಟೇ ಮೇಲೇರುತ್ತದೆ. ಆ ಸಂಕೇತ ಕಂಟ್ರೋಲರಿಗೆ (ಡ್ರೈವನ್ನು ನಡೆಸುವ ಕಾರ್ಡಿಗೆ) ತಲುಪದಿದ್ದರೆ ಡಾಸ್ ಪಾಲಿಗೆ ಫ್ಲಾಪಿ ಬದಲಾಗಿಯೇ ಇಲ್ಲ. ಡಾಸ್ ಮತ್ತೆ ಹಾಕಿದ್ದರಿಂದ ಪ್ರಯೋಜನವಾಗದ್ದು ಅದಕ್ಕೇ.

ರೈಟ್ ಪ್ರೊಟೆಕ್ಟ್ ಪಟ್ಟಿ ಅಂಟಿಸಿದ ಎರಡು ಫ್ಲಾಪಿಗಳನ್ನಿಟ್ಟುಕೊಂಡು ಹುಡುಕಿ. ಮೊದಲು ಕೇಬಲ್. 34ನೇ ಎಳೆ ಕೆಂಪು ಗೆರೆಗೆ ಎದುರಿನ ತುದಿಯ ಅಂಚಿನಲ್ಲಿದೆ, ಪೆಟ್ಟಿಗೆಯ ಲೋಹಕ್ಕೆ ಉಜ್ಜಿ ಹರಿಯುವುದೂ ಹೆಚ್ಚಾಗಿ ಅದೇ. ಮಲ್ಟಿಮೀಟರಿನಲ್ಲಿ ತುದಿಯಿಂದ ತುದಿಗೆ ನೋಡಿ. ಆಮೇಲೆ ಡ್ರೈವಿನ ಜಂಪರ್. ಟೀಯಾಕ್ ಎಫ್‌ಡಿ-55ಜಿಎಫ್‌ಆರ್‌ನಂಥ ಡ್ರೈವ್‌ಗಳಲ್ಲಿ ಡಿಸಿ, ಆರ್‌ವೈ ಎಂಬ ಗುರುತುಗಳಿರುತ್ತವೆ. ಪಿಸಿಗೆ ಬೇಕಾದದ್ದು ಡಿಸಿ. ಆರ್‌ವೈಯಲ್ಲಿದ್ದರೆ ಆ ಪಿನ್ ‘ಸಿದ್ಧ’ ಎಂದು ಹೇಳುತ್ತಿರುತ್ತದೆ, ಎಟಿ ಅದನ್ನು ‘ಬದಲಾಯಿತು’ ಎಂದು ಓದುತ್ತದೆ; ಆಗ ಬರುವುದು ಹಳೆಯ ಪಟ್ಟಿಯಲ್ಲ, ನಾಟ್ ರೆಡಿ ದೋಷ. ನಿಮ್ಮಲ್ಲಿ ಹಳೆಯ ಪಟ್ಟಿ ಬರುತ್ತಿರುವುದರಿಂದ ಜಂಪರೇ ಬಿದ್ದುಹೋಗಿದೆ ಅಥವಾ ಎಳೆ ತುಂಡಾಗಿದೆ ಎಂದು ಊಹಿಸಬಹುದು. ಎರಡೂ ಸರಿಯಿದ್ದರೆ ಬಾಗಿಲಿನ ಸೆನ್ಸರಿನ ಧೂಳು ಒರೆಸಿ.

ಬಿಡಿಭಾಗ ಸಿಗುವವರೆಗೆ, ಡಾಸ್ ಶುರುವಾಗುವಾಗ ಓದುವ ಕಾನ್ಫಿಗ್.ಸಿಸ್ ಕಡತದಲ್ಲಿ ಡ್ರೈವ್‌ಪಾರ್ಮ್=/ಡಿ:0 /ಎಫ್:1 ಎಂಬ ಸಾಲು ಸೇರಿಸಿ (ರೋಮನ್‌ನಲ್ಲಿ DRIVPARM, ನಡುವೆ E ಇಲ್ಲ). ಇದರಲ್ಲಿ /ಸಿ ಇಲ್ಲದಿರುವುದೇ ಮುಖ್ಯ: ಈ ಡ್ರೈವಿಗೆ ಬದಲಾವಣೆಯ ಎಳೆ ಇಲ್ಲ ಎಂದು ಡಾಸ್ ಹಳೆಯ ಪದ್ಧತಿಗೆ ಮರಳುತ್ತದೆ. ಫ್ಲಾಪಿ ಬದಲಿಸಿದಾಗಲೆಲ್ಲ ಕಂಟ್ರೋಲ್-ಸಿ ಒತ್ತುವುದೂ ಒಂದು ದಾರಿ, ಆದರೆ ಒಂದು ದಿನ ಮರೆಯುತ್ತೀರಿ.

ಪ್ರಶ್ನೆ: ಎಟಿಯಲ್ಲಿ ಕಡತ ತುಂಬಿಸಿದ 360 ಕೆಬಿ ಫ್ಲಾಪಿಯನ್ನು ಎಕ್ಸ್‌ಟಿ ಓದುವುದಿಲ್ಲ. ಎಟಿ ಮಾತ್ರ ಓದುತ್ತದೆ. – ಮೈಸೂರಿನ ಓದುಗರು

ಉತ್ತರ: 360 ಕೆಬಿ ಡ್ರೈವಿನಲ್ಲಿ 40 ಟ್ರ್ಯಾಕ್, 1.2 ಎಂಬಿಯದರಲ್ಲಿ 80. ಎರಡನೆಯದರ ಹೆಡ್ಡಿನ ಅಗಲ ಸುಮಾರು ಅರ್ಧ. ಅದು ಅಗಲವಾದ ಹಳೆ ಟ್ರ್ಯಾಕಿನ ನಡುವೆ ತೆಳುವಾದ ಹೊಸ ಟ್ರ್ಯಾಕ್ ಬರೆಯುತ್ತದೆ, ಬದಿಯಲ್ಲಿ ಹಳೆಯದು ಉಳಿಯುತ್ತದೆ. ಎಕ್ಸ್‌ಟಿಯ ಅಗಲ ಹೆಡ್ಡಿಗೆ ಎರಡೂ ಒಟ್ಟಿಗೆ ಕೇಳಿಸಿ ಗೊಂದಲವಾಗುತ್ತದೆ. ಎಟಿ ಓದುವುದಕ್ಕೆ ಅಡ್ಡಿಯಿಲ್ಲ, ಬರೆಯಬಾರದು ಅಷ್ಟೆ. ಬರೆಯಲೇಬೇಕಿದ್ದರೆ ಯಾವ ಡ್ರೈವಿನಲ್ಲೂ ಫಾರ್ಮ್ಯಾಟ್ ಆಗದ ಹೊಸ ಫ್ಲಾಪಿಯನ್ನೋ ಅಯಸ್ಕಾಂತದ ಅಳಿಸುವ ಯಂತ್ರದಲ್ಲಿ ಪೂರ್ತಿ ಅಳಿಸಿದ್ದನ್ನೋ ತೆಗೆದುಕೊಂಡು, ಎಟಿಯಲ್ಲೇ ಫಾರ್ಮ್ಯಾಟ್ ಎ: /4 ಕೊಟ್ಟು ಬಳಸಿ. ಬದಿಯಲ್ಲಿ ಹಳೆಯದೇನೂ ಇಲ್ಲದಿದ್ದರೆ ಎಕ್ಸ್‌ಟಿ ಸಾಮಾನ್ಯವಾಗಿ ಓದುತ್ತದೆ. ಈಗಾಗಲೇ ಕೆಟ್ಟ ಫ್ಲಾಪಿಯ ಕಡತಗಳನ್ನು ಎಟಿಯಲ್ಲಿ ನಕಲಿಸಿಕೊಂಡು, ಫ್ಲಾಪಿಯನ್ನು ಎಕ್ಸ್‌ಟಿಯಲ್ಲಿ ಮತ್ತೆ ಫಾರ್ಮ್ಯಾಟ್ ಮಾಡಿ. 1.2 ಎಂಬಿ ಫ್ಲಾಪಿಗಳನ್ನು 360 ಕೆಬಿ ಡ್ರೈವಿಗೆ ಹಾಕಿ ನೋಡುವುದು ಬೇಡ. ಕಾಂತಬಲದ ಅಳತೆಯಲ್ಲಿ ಅವುಗಳ ಲೇಪ ಸುಮಾರು 600 ಅರ್ಸ್ಟೆಡ್‌ನದು, ಸಾಮಾನ್ಯ ಫ್ಲಾಪಿಯದು 300. ಹಳೆ ಡ್ರೈವ್ ಬರೆಯುವ ಬಲ ಅದಕ್ಕೆ ಸಾಲದು.

ಪ್ರಶ್ನೆ: ಎಕ್ಸ್‌ಟಿಗೆ 3.5 ಅಂಗುಲದ 1.44 ಎಂಬಿ ಡ್ರೈವ್ ಬಿ ಆಗಿ ಹಾಕಬಹುದೇ? – ಹಾಸನದ ಓದುಗರು

ಉತ್ತರ: ಹಾಕಬಹುದು, ಆದರೆ 720 ಕೆಬಿ ಎಂದುಕೊಂಡು. ಎಕ್ಸ್‌ಟಿಯ ಮೂಲ ಕಂಟ್ರೋಲರ್ ಸೆಕೆಂಡಿಗೆ 250 ಕಿಲೋಬಿಟ್ ವೇಗದಲ್ಲಿ ಮಾತ್ರ ಕೆಲಸ ಮಾಡುತ್ತದೆ, 1.44ಕ್ಕೆ 500 ಬೇಕು. ಪೂರ್ತಿ 1.44 ಬೇಕಿದ್ದರೆ ತನ್ನದೇ ಬಯೋಸ್ ಚಿಪ್ ಇರುವ ಹೈ ಡೆನ್ಸಿಟಿ ಕಂಟ್ರೋಲರ್ ಹುಡುಕಿ, ಹಳೆಯದನ್ನು ತೆಗೆಯಿರಿ. ಎರಡೂ ಇದ್ದರೆ ಯಂತ್ರದೊಳಗಿನ ಒಂದೇ ಸಂಪರ್ಕದಾರಿಗಳಿಗೆ (3ಎಫ್0 ವಿಳಾಸ, ಐಆರ್‌ಕ್ಯೂ 6, ಡಿಎಂಎ 2) ಜಗಳವಾಡುತ್ತವೆ.

ಸ್ವಿಚ್‌ಗಳನ್ನು ಎರಡು ಡ್ರೈವಿಗೆ ಹೊಂದಿಸಿ. ಡಾಸ್ 3.2 ಅಥವಾ ಮೇಲಿನದು ಬೇಕು. 720 ಕೆಬಿ ಬಂದದ್ದು ಅದರಲ್ಲೇ. ಕಾನ್ಫಿಗ್.ಸಿಸ್‌ನಲ್ಲಿ ಡಿವೈಸ್=ಸಿ:\ಡಾಸ್\ಡ್ರೈವರ್.ಸಿಸ್ /ಡಿ:1 /ಎಫ್:2 ಎಂದು ಬರೆಯಿರಿ. /ಡಿ:1 ಎಂದರೆ ಎರಡನೆಯ ಡ್ರೈವ್ (ಎಣಿಕೆ 0ಯಿಂದ), /ಎಫ್:2 ಎಂದರೆ 720 ಕೆಬಿ. ಇದರಿಂದ ಅದೇ ಡ್ರೈವಿಗೆ ಹೊಸ ಅಕ್ಷರ ಸಿಗುತ್ತದೆ; ಹಾರ್ಡ್ ಡಿಸ್ಕ್ ಸಿ: ಮಾತ್ರ ಇದ್ದರೆ ಡಿ: ಆಗುತ್ತದೆ. ಇನ್ನು ಮೇಲೆ ಆ ಅಕ್ಷರವನ್ನೇ ಬಳಸಿ. ಬಿ: ಎಂದು ಫಾರ್ಮ್ಯಾಟ್ ಕೊಟ್ಟರೆ 360 ಕೆಬಿಯೇ ಆಗುತ್ತದೆ, ‘ಡ್ರೈವರ್ ಕೆಲಸ ಮಾಡಲಿಲ್ಲ’ ಎನ್ನುವವರು ಎಡವುವುದು ಇಲ್ಲೇ. ಫ್ಲಾಪಿಯೂ 720 ಕೆಬಿಯದೇ, ಒಂದೇ ಮೂಲೆಯಲ್ಲಿ ತೂತಿರುವುದೇ ಆಗಬೇಕು. ಎರಡು ತೂತಿನದನ್ನು ಹಾಕಿದರೆ ಡ್ರೈವ್ ತಾನೇ ಹೈ ಡೆನ್ಸಿಟಿಗೆ ಬದಲಾಗಿಬಿಡುತ್ತದೆ, ಕಂಟ್ರೋಲರ್ ಹಿಂದೆಯೇ ಉಳಿಯುತ್ತದೆ.

ವಿದ್ಯುತ್ತಿನ ಸಣ್ಣ ಕನೆಕ್ಟರನ್ನು ನೋಡಿ ಸಿಕ್ಕಿಸಿ. ನಾಲ್ಕು ಪಿನ್ನಿನಲ್ಲಿ ಒಂದು ಪಿನ್ ಪಕ್ಕಕ್ಕೆ ಸರಿದು ಕೂತರೆ 5 ವೋಲ್ಟಿನ ಕೆಂಪು ತಂತಿ, 12 ವೋಲ್ಟಿನ ಹಳದಿ ತಂತಿ ತಪ್ಪು ಜಾಗಕ್ಕೆ ಹೋಗುತ್ತವೆ. ಇಲ್ಲಿ ಸುಟ್ಟ ಡ್ರೈವ್ ಮತ್ತೆ ಏಳುವುದು ಕಷ್ಟ.

ಚುಟುಕು ಉತ್ತರಗಳು

ಯಂತ್ರ ಹಾಕಿದ ಕ್ಷಣದಿಂದ ದೀಪ ಆರುವುದೇ ಇಲ್ಲ (ಗದಗ): ಕೇಬಲ್ ಒಂದು ತುದಿಯಲ್ಲಿ ತಲೆಕೆಳಗಾಗಿದೆ. ಬೆಸ ಸಂಖ್ಯೆಯ ಎಳೆಗಳೆಲ್ಲ ಗ್ರೌಂಡ್. ಕೇಬಲ್ ಮಗುಚಿದರೆ ಅವು ಸಂಕೇತದ ಪಿನ್ನುಗಳಿಗೆ ಬಂದು, ಬರೆ ಎಂಬ ಸಂಕೇತವೂ ಸೇರಿ ಎಲ್ಲವೂ ಚಾಲೂ ಆಗುತ್ತವೆ. ಫ್ಲಾಪಿ ಹಾಕಿ ಪರೀಕ್ಷಿಸಬೇಡಿ, ಅಳಿಸಿಹೋದೀತು. ಮೊದಲು ಕೇಬಲ್ ತಿರುಗಿಸಿ.

ಎಟಿ ಪ್ರತಿದಿನ ಡ್ರೈವಿನ ಬಗೆ ಮರೆಯುತ್ತದೆ (ಬೆಂಗಳೂರು): ಎಟಿಯಲ್ಲಿ ಆ ವಿವರ ಸ್ವಿಚ್ಚಿನಲ್ಲಿಲ್ಲ, ಬ್ಯಾಟರಿಯಿಂದ ಉಳಿಯುವ ಸಿಮಾಸ್ ನೆನಪಿನಲ್ಲಿದೆ. ಬ್ಯಾಟರಿ ಬದಲಿಸಿ ಸೆಟಪ್ ಮತ್ತೆ ನಡೆಸಿ.

ಫ್ಲಾಪಿ ಬದಲು ಪೆನ್ ಡ್ರೈವ್ ಹಾಕುವ ಗೊಟೆಕ್ ಪೆಟ್ಟಿಗೆ (ಉಡುಪಿ): ಮೇಲೆ ಹೇಳಿದ ಲೆಕ್ಕವೇ ಇದಕ್ಕೂ. ತಿರುಚಿದ ಕೇಬಲ್‌ಗೆ ಎಸ್1 ಜಂಪರ್. ಫ್ಲಾಶ್‌ಫ್ಲಾಪಿ ತಂತ್ರಾಂಶವಿದ್ದರೆ ಎಫ್‌ಎಫ್.ಸಿಎಫ್‌ಜಿ ಕಡತದಲ್ಲಿ ಇಂಟರ್‌ಫೇಸ್ ಸಾಲಿಗೆ ಐಬಿಎಂಪಿಸಿ ಎಂದು ಬರೆಯಿರಿ.

ಮುದ್ರಣಾಲಯದ ಹಳೆ ಫ್ಲಾಪಿಗಳಲ್ಲಿ ಕನ್ನಡ ಕಡತಗಳಿವೆ, ತೆರೆದರೆ ಅರ್ಥವಿಲ್ಲದ ಅಕ್ಷರ (ಧಾರವಾಡ): ಫ್ಲಾಪಿ ಕೆಟ್ಟಿರಬೇಕೆಂದಿಲ್ಲ. ಯೂನಿಕೋಡ್‌ಗೆ ಮುಂಚಿನ ಡಿಟಿಪಿ ಕಡತಗಳು ಆಯಾ ಫಾಂಟಿನ ಸಂಕೇತದಲ್ಲೇ ಇರುತ್ತವೆ. ಪರದೆಯಲ್ಲಿ ಭಾರತೀಯ ಲಿಪಿ ತೋರಿಸುವ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಇದ್ದ ಯಂತ್ರದ್ದಾದರೆ, ಭಾರತೀಯ ಲಿಪಿಗಳಿಗೆಂದೇ ರೂಪಿಸಿದ ಇಸ್ಕಿ ಸಂಕೇತ ಇರಬಹುದು. ಕಡತವನ್ನು ವರ್ಡ್ ಪ್ರೊಸೆಸರಿನಲ್ಲಿ ತೆರೆದು ಉಳಿಸಬೇಡಿ, ಇದ್ದಂತೆಯೇ ನಕಲಿಸಿ. ಫ್ಲಾಪಿಯ ಚೀಟಿಯಲ್ಲಿ ಫಾಂಟಿನ ಹೆಸರಿದ್ದರೆ ಬರೆದಿಡಿ, ಪರಿವರ್ತಕ ತಂತ್ರಾಂಶಕ್ಕೆ ಅದೇ ಬೇಕು. ಓದುವ ಮುನ್ನ 3.5 ಅಂಗುಲದ್ದರ ತೂತನ್ನು ತೆರೆದಿಡಿ, 5.25ರ ಕಚ್ಚನ್ನು ಮುಚ್ಚಿ; ಎರಡರಲ್ಲೂ ಬರೆಯುವುದು ತಡೆಯುವ ಕ್ರಮ ಹೀಗೆ ಉಲ್ಟಾ. ಬೂಷ್ಟು ಹಿಡಿದ ಫ್ಲಾಪಿಯನ್ನು ಒಳ್ಳೆಯ ಡ್ರೈವಿಗೆ ಹಾಕಿದರೆ ಹೆಡ್ ಕೊಳೆಯಾಗಿ ಮುಂದಿನ ಫ್ಲಾಪಿಗಳನ್ನೂ ಗೀರುತ್ತದೆ. ಅಂಥವನ್ನು ಕೊನೆಗಿಟ್ಟುಕೊಳ್ಳಿ, ನಡುನಡುವೆ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ.