ಹಲ್ಲು ಬಂದ ಮಗು ಕಚ್ಚುತ್ತಿದ್ದರೆ ಹಾಲು ಬಿಡಿಸಬೇಕಾ?

ಬಹುಶಃ ಹೊಸ ಹಲ್ಲಿನ ಕಿರಿಕಿರಿ, 9 ತಿಂಗಳಿಗೆ ಕಚ್ಚಲು ಶುರು ಮಾಡಿದೆ ಅಂದಿದ್ದೀರಲ್ಲ. ಚೀಪುವಾಗ ನಾಲಿಗೆ ಕೆಳಗಿನ ಹಲ್ಲಿನ ಮೇಲೆ ಚಾಚಿರುತ್ತದೆ, ಆಗ ಕಚ್ಚಲು ಆಗುವುದಿಲ್ಲ, ಹೊಟ್ಟೆ ತುಂಬಿ ಆಟಕ್ಕಿಳಿದಾಗಲೇ ಜಾಸ್ತಿ. ಕುಡಿಸುವ ಮುಂಚೆ ತಣ್ಣೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ ಕಡಿಯಲು ಕೊಡಿ. ಗುಟುಕು ನಿಂತ ಕೂಡಲೇ ಕಿರುಬೆರಳನ್ನು ಬಾಯಿಯ ಮೂಲೆಯಿಂದ ತೂರಿಸಿ ಬಿಡಿಸಿಕೊಳ್ಳಿ. ಕಚ್ಚೇ ಬಿಟ್ಟರೂ ಎಳೆಯಬೇಡಿ, ಗಾಯವಾಗುತ್ತದೆ. ಕಿರುಚಲೂ ಬೇಡಿ (ಸುಲಭ ಅಲ್ಲ, ಗೊತ್ತು), ಕೆಲವು ಮಕ್ಕಳು ಹೆದರಿ ಕುಡಿಯುವುದನ್ನೇ ಬಿಡುತ್ತವೆ, ಕೆಲವಕ್ಕೆ ಅದೇ ಆಟ. ನನ್ನ ಮಗಳು ವಾರದಲ್ಲಿ ನಿಲ್ಲಿಸಿದಳು, ನಿಮ್ಮದಕ್ಕೆ ಹೆಚ್ಚು ದಿನ ಹಿಡಿಯಬಹುದು. ಹಲ್ಲು ಬಂತು, ಬಿಡಿಸು ಅನ್ನುವ ನಿಮ್ಮ ಅತ್ತೆಗೆ ಹೇಳಿ, ವಿಶ್ವ ಆರೋಗ್ಯ ಸಂಸ್ಥೆಯೇ 2 ವರ್ಷ ಮತ್ತು ಆಮೇಲೂ ಕುಡಿಸಿ ಅನ್ನುತ್ತದೆ. ಎದೆ ಕೆಂಪಾಗಿ ಜ್ವರ ಬಂದರೆ ಮಾತ್ರ ಕಾಯದೆ ಡಾಕ್ಟರಿಗೆ ತೋರಿಸಿ.