ಕೇಳಿ, ಹೇಳ್ತೀನಿ: ಜಾರ್ಜಿಯಾದ ಹಬ್ಬಕ್ಕೆ ಹೊರಟವರಿಗೆ

ಹೋದ ಸಂಚಿಕೆಯಲ್ಲಿ ಜಾರ್ಜಿಯಾ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಡ, ಪತ್ರಗಳು ಬಂದವು. ಜಾಸ್ತಿ ಪತ್ರಗಳು ಹಬ್ಬ ಮತ್ತು ಊಟದ ಮೇಲೆಯೇ. ಅಮೆರಿಕದ ಜಾರ್ಜಿಯಾವೋ ಎಂದು ಕೇಳಿದವರೂ ಇದ್ದಾರೆ. ಅಲ್ಲ ಮಾರಾಯ್ರೆ, ಇದು ಕಪ್ಪು ಸಮುದ್ರದ ದಂಡೆಯಲ್ಲಿ, ಕಾಕಸಸ್ ಬೆಟ್ಟಗಳ ಬುಡದಲ್ಲಿ, ಟರ್ಕಿ ಮತ್ತು ಅರ್ಮೇನಿಯಾದ ಪಕ್ಕ ಇರುವ ಪುಟ್ಟ ದೇಶ. ನಾನು ಶಿರಸಿ ಕಡೆಯವಳು. ಮನೆಯವರ ಕೆಲಸದ ದೆಸೆಯಿಂದ ರಾಜಧಾನಿ ಟಿಬಿಲಿಸಿಯಲ್ಲಿ ಕೆಲವು ವರ್ಷ ಸಂಸಾರ ಮಾಡಿದ್ದೇನೆ. ಮಾಂಸ ತಿನ್ನುವುದಿಲ್ಲ, ವೈನ್ ಕುಡಿಯುವುದಿಲ್ಲ. ಇಷ್ಟು ಗೊತ್ತಿಟ್ಟುಕೊಂಡು ಉತ್ತರ ಓದಿ.

ನಾನೂ ಯಜಮಾನರೂ ನಿವೃತ್ತರು. ಟೂರಿನವರು ಮೇ ತಿಂಗಳಲ್ಲಿ ಹೋಗಿ ಅನ್ನುತ್ತಾರೆ. ಜಾನಪದ ಹಬ್ಬ, ತಿಂಡಿ ಮೇಳ ಎಲ್ಲಾ ನೋಡಲು ಯಾವ ತಿಂಗಳು ಒಳ್ಳೆಯದು? – ಎಸ್.ಆರ್., ಹಾಸನ

ಮೇ ಕೆಟ್ಟದ್ದೇನಲ್ಲ. ಬೆಟ್ಟ ಹಸಿರಾಗಿರುತ್ತದೆ, ಟಿಬಿಲಿಸಿಯಲ್ಲಿ ಹೊಸ ವೈನಿನ ಮೇಳ ನಡೆಯುತ್ತದೆ. ಆದರೆ ನಿಮ್ಮ ಪತ್ರ ನೋಡಿದರೆ ನೀವು ವೈನಿಗಾಗಿ ಹೊರಟವರಲ್ಲ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯ ವಾರ ಹೋಗಿ ಇಳಿಯಿರಿ, ಅಕ್ಟೋಬರ್ 15ಕ್ಕೆ ವಾಪಸ್ ಹೊರಡಿ.

ಯಾಕೆಂದರೆ ಸೆಪ್ಟೆಂಬರ್ 28ಕ್ಕೆ ಕಾಖೇತಿ ಸೀಮೆಯ ಅಲಾವೆರ್ದಿ ಎಂಬ ದೊಡ್ಡ ಇಗರ್ಜಿಯಲ್ಲಿ ಅಲಾವೆರ್ದೋಬಾ. ಅಕ್ಟೋಬರ್ 14ಕ್ಕೆ ಹಳೆಯ ರಾಜಧಾನಿ ಮ್ತ್ಸಖೇತಾದಲ್ಲಿ ಸ್ವೆತಿತ್ಸಖೋವ್ಲೋಬಾ. ಹೆಸರು ಹೇಳುವಾಗ ನಾಲಿಗೆ ತಡವರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಊರು ಟಿಬಿಲಿಸಿಯಿಂದ ಸುಮಾರು 20 ಕಿಲೋಮೀಟರ್, ಅಷ್ಟೇ. ಕ್ರಿಸ್ತನ ನಿಲುವಂಗಿ ಅಲ್ಲಿನ 11ನೇ ಶತಮಾನದ ಇಗರ್ಜಿಯ ಕೆಳಗಿದೆ ಎಂದು ಜನ ನಂಬುತ್ತಾರೆ. ಆ ದಿನ ದೇಶಕ್ಕೆಲ್ಲ ರಜೆ. ಬೆಳಗ್ಗೆ ಬೇಗ ಹೋಗಿ. ತಲೆಗೆ ಒಂದು ವಸ್ತ್ರ ಇರಲಿ, ಸೀರೆ ಉಟ್ಟರೆ ಇನ್ನೂ ಒಳ್ಳೆಯದು. ಅಜ್ಜಿಯರು ತಾವಾಗಿಯೇ ಜಾಗ ಬಿಟ್ಟುಕೊಡುತ್ತಾರೆ. ಇನ್ನು ಅಕ್ಟೋಬರಿನಲ್ಲೇ ಟಿಬಿಲಿಸಿಯ ಊರಹಬ್ಬ, ಟಿಬಿಲಿಸೋಬಾ. 1979ರಲ್ಲಿ ಶುರುವಾದದ್ದು. ಹಳೆಪೇಟೆಯ ಬೀದಿಗಳಲ್ಲಿ ಒಂದೊಂದು ಸೀಮೆಯವರೂ ತಮ್ಮ ಚೀಸು, ಜೇನು, ಹಣ್ಣು ತಂದು ಕೂರುತ್ತಾರೆ. ಅದರ ದಿನಾಂಕ ವರ್ಷ ವರ್ಷ ಬದಲಾಗುತ್ತದೆ, ಟಿಕೆಟ್ ಮಾಡಿಸುವ ಮುಂಚೆ ನೋಡಿಕೊಳ್ಳಿ. ಗದ್ದಲ ಜಾಸ್ತಿ. ಒಂದು ಮಧ್ಯಾಹ್ನ ಸಾಕು.

ಇವೆಲ್ಲಕ್ಕಿಂತ ದೊಡ್ಡದು ಇವುಗಳ ನಡುವೆ ಇದೆ, ಅದಕ್ಕೆ ವೇದಿಕೆಯೂ ಇಲ್ಲ, ಕರಪತ್ರವೂ ಇಲ್ಲ. ಅದು ರ್ತ್ವೇಲಿ, ದ್ರಾಕ್ಷಿ ಕೊಯ್ಲು. ನಮ್ಮ ಕಡೆ ಆಲೆಮನೆ ನೋಡಿದ್ದೀರಲ್ವಾ? ಕಬ್ಬು ಗಾಣಕ್ಕೆ ಬಿದ್ದ ದಿನ ನೆಂಟರು, ನೆರೆಯವರು, ದಾರಿಹೋಕರು ಎಲ್ಲ ಸೇರಿ ಕಬ್ಬಿನಹಾಲು ಕುಡಿದು, ಕೊಪ್ಪರಿಗೆ ಸುತ್ತ ಮಾತಾಡುತ್ತಾ ಕೂತುಬಿಡುತ್ತಾರೆ. ರ್ತ್ವೇಲಿಯೂ ಹಾಗೆಯೇ. ಪಟ್ಟಣಕ್ಕೆ ಹೋದ ಮಕ್ಕಳು ರಜೆ ಹಾಕಿ ಬರುತ್ತಾರೆ. ಬೆಳಗಿನ ಬಿಸಿಲು ಏರುವ ಮುಂಚೆ ಕೊಯ್ಲು. ಮಧ್ಯಾಹ್ನ ಮರದ ದಿಮ್ಮಿ ಕೊರೆದು ಮಾಡಿದ ದೋಣಿಯಲ್ಲಿ ಹಣ್ಣು ಹಾಕಿ ಕಾಲಲ್ಲಿ ತುಳಿಯುತ್ತಾರೆ. ರಸ ಇಳಿಯುವುದು ಕ್ವೆವ್ರಿಗೆ. ಅಂದರೆ ಕುತ್ತಿಗೆವರೆಗೂ ನೆಲದಲ್ಲಿ ಹೂತ ಮಣ್ಣಿನ ದೊಡ್ಡ ಗುಡಾಣ, ಒಳಗೋಡೆಗೆ ಜೇನುಮೇಣ ಸವರಿರುತ್ತಾರೆ. ಕಾಖೇತಿಯಲ್ಲಿ ಸಿಪ್ಪೆ, ಬೀಜ, ತೊಟ್ಟು ಸಮೇತ ರಸ ಹಾಕಿ ಮುಚ್ಚಿಬಿಟ್ಟರೆ ತೆಗೆಯುವುದು ಮುಂದಿನ ವಸಂತಕ್ಕೆ. ಕೊಯ್ಲಿಗೆ ಮುಂಚೆ ಗುಡಾಣ ತೊಳೆಯುವುದನ್ನು ನೋಡುವ ಯೋಗ ಇದ್ದರೆ ಬಿಡಬೇಡಿ. ಚೆರ್ರಿ ಮರದ ತೊಗಟೆಯನ್ನು ಪದರ ಪದರ ಜೋಡಿಸಿದ ಬ್ರಷ್ಷನ್ನು ಉದ್ದ ಕೋಲಿಗೆ ಕಟ್ಟಿ ಉಜ್ಜುತ್ತಾರೆ. ಗುಡಾಣ ದೊಡ್ಡದಿದ್ದರೆ ಮನುಷ್ಯನೇ ಒಳಗಿಳಿಯುತ್ತಾನೆ. ಈ ಕ್ವೆವ್ರಿ ವಿದ್ಯೆಯನ್ನು ಯುನೆಸ್ಕೋ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಮಾರು 8,000 ವರ್ಷ ಹಳೆಯ ಮಡಕೆ ಚೂರುಗಳಲ್ಲಿ ವೈನಿನ ಕುರುಹು ಸಿಕ್ಕಿದ್ದೂ ಇದೇ ನೆಲದಲ್ಲಿ.

ನೋಡುವುದು ಎಲ್ಲಿ ಅಂದರೆ, ತೆಲಾವಿ ಅಥವಾ ಸಿಗ್ನಾಗಿ ಸುತ್ತಲಿನ ಹಳ್ಳಿಯಲ್ಲಿ ತೋಟ ಇರುವ ಮನೆಯಲ್ಲೇ ತಂಗಿ. ರ್ತ್ವೇಲಿ ಯಾವಾಗ ಎಂದು ಮೊದಲೇ ಫೋನಿನಲ್ಲಿ ಕೇಳಿ. ಹಣ್ಣು ಯಾವಾಗ ಹದಕ್ಕೆ ಬರುತ್ತದೋ ಅಂದೇ ಹಬ್ಬ. ಕಾಖೇತಿಯಲ್ಲಿ ಮುಗಿದಿದ್ದರೂ ಪಶ್ಚಿಮದ ಇಮೆರೆತಿ, ರಾಚಾ ಕಡೆ ಅಕ್ಟೋಬರಿನಲ್ಲಿ ಇನ್ನೂ ನಡೆಯುತ್ತಿರುತ್ತದೆ. ಬಸ್ಸಿನಲ್ಲಿ ಕರೆದೊಯ್ದು, ತಲೆಗೊಂದು ಹುಲ್ಲಿನ ಟೋಪಿ ಹಾಕಿಸಿ, ಹತ್ತು ನಿಮಿಷ ದ್ರಾಕ್ಷಿ ತುಳಿಸಿ ಫೋಟೋ ತೆಗೆಯುವ ರ್ತ್ವೇಲಿಯೂ ಉಂಟು. ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ನಾವು ಶುದ್ಧ ಸಸ್ಯಾಹಾರಿಗಳು. ಹಬ್ಬದಲ್ಲಿ ಎಲ್ಲಿ ನೋಡಿದರೂ ಮಾಂಸ ಸುಡುವ ವಿಡಿಯೋಗಳೇ. ಅವಲಕ್ಕಿ ಕಟ್ಟಿಕೊಂಡೇ ಹೋಗಬೇಕಾ? – ಕೆ.ವಿ., ಉಡುಪಿ

ಅವಲಕ್ಕಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಡಬ್ಬಿ ಬಿಚ್ಚುವ ಪ್ರಸಂಗ ಬರಲಿಕ್ಕಿಲ್ಲ. ಹಬ್ಬದ ಮೈದಾನದಲ್ಲಿ ಬಳ್ಳಿಕಡ್ಡಿಯ ಕೆಂಡದ ಮೇಲೆ ಮಾಂಸ ಸುಡುವ ಹೊಗೆ ಇರುವುದು ನಿಜ. ಅದರ ಪಕ್ಕದಲ್ಲೇ ನಿಮ್ಮದೂ ಇರುತ್ತದೆ.

ನೀವು ಬಾಯಿಪಾಠ ಮಾಡಬೇಕಾದ್ದು ಒಂದೇ: ಸಮಾರ್‌ಖ್ವೊ. ಅಂದರೆ ಉಪವಾಸದ ಅಡುಗೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್, ಕ್ರಿಸ್‌ಮಸ್‌ಗಳ ಮುಂಚಿನ ದೀರ್ಘ ವ್ರತಗಳಲ್ಲಿ ಮಾಂಸ, ಹಾಲು, ಮೊಟ್ಟೆ ಮೂರನ್ನೂ ಬಿಡುತ್ತಾರೆ. ಎಲ್ಲರೂ ಪಾಲಿಸುತ್ತಾರೆ ಎಂದಲ್ಲ. ಆದರೆ ಅಡುಗೆಯವರಿಗೆಲ್ಲ ಆ ಅಡುಗೆ ಗೊತ್ತು. 'ವೆಜಿಟೇರಿಯನ್' ಅಂದರೆ ಕೋಳಿ ತಂದಿಟ್ಟಾರು, 'ಸಮಾರ್‌ಖ್ವೊ' ಅಂದರೆ ತಕ್ಷಣ ಅರ್ಥವಾಗುತ್ತದೆ.

ಆಗ ಏನು ಬರುತ್ತದೆ? ಪ್‌ಖಾಲಿ. ಪಾಲಕ್ ಅಥವಾ ಬೀಟ್‌ರೂಟ್ ಸೊಪ್ಪು ಬೇಯಿಸಿ, ನೀರು ಹಿಂಡಿ, ಸಣ್ಣಗೆ ಕೊಚ್ಚಿ, ಅಕ್ರೋಟು, ಬೆಳ್ಳುಳ್ಳಿ, ಕೊತ್ತಂಬರಿ ಅರೆದು ಕಲಸಿ, ಮೇಲೆ ದಾಳಿಂಬೆ ಕಾಳು ಉದುರಿಸಿದ ಉಂಡೆ. ಉದ್ದಕ್ಕೆ ಸೀಳಿ ಕರಿದ ಬದನೆಕಾಯಿಗೆ ಅದೇ ಅಕ್ರೋಟಿನ ಗೊಜ್ಜು ಸವರಿ ಸುತ್ತಿದ್ದು ಬದ್ರಿಜಾನಿ. ಮಣ್ಣಿನ ಕುಡಿಕೆಯಲ್ಲಿ ಹುರುಳಿಕಾಯಿಯ ಬೀಜ ಬೇಯಿಸಿದ ಲೋಬಿಯೋ, ಜೊತೆಗೆ ಮ್ಚಾದಿ ಎಂಬ ಮೆಕ್ಕೆಜೋಳದ ರೊಟ್ಟಿ. ಅಡುಗೆಗೆ ಒಣಗಿದ ಚೆಂಡುಹೂವಿನ ಎಸಳಿನ ಪುಡಿ ಹಾಕುತ್ತಾರೆ ಎಂದರೆ ನಂಬುತ್ತೀರಾ? ನಮ್ಮಲ್ಲಿ ಆಯುಧಪೂಜೆಗೆ ಲಾರಿಗೆ ಕಟ್ಟುವ ಅದೇ ಹೂವು. ಬಣ್ಣ ಹಳದಿ, ವಾಸನೆ ಸ್ವಲ್ಪ ಒಗರು. ನನ್ನ ಅಡುಗೆಮನೆಯಲ್ಲಿ ಈಗಲೂ ಒಂದು ಶೀಶೆ ಇದೆ.

ಎಚ್ಚರ ಬೇಕಾದ ಕಡೆಗಳು: ರಾಚಾ ಸೀಮೆಯ ಲೋಬಿಯೋ ಮತ್ತು ಹುರುಳಿಕಾಯಿಯ ಬೀಜ ತುಂಬಿದ ರೊಟ್ಟಿಗೆ ಹಂದಿಮಾಂಸದ ಚೂರು ಬೀಳುವುದುಂಟು, ಕೇಳಿಯೇ ತಿನ್ನಿ. ಖಾಚಾಪುರಿ, ಅಂದರೆ ಚೀಸಿನ ರೊಟ್ಟಿ, ಎಲ್ಲೆಲ್ಲೂ ಸಿಗುತ್ತದೆ. ದೋಣಿಯಾಕಾರದ ಅಜಾರಾ ಖಾಚಾಪುರಿಗೆ ಮೇಲೆ ಹಸಿ ಮೊಟ್ಟೆ ಒಡೆಯುತ್ತಾರೆ, ದುಂಡಗಿನ ಇಮೆರೆತಿಯದ್ದನ್ನು ಕೇಳಿ. ಹಳ್ಳಿಯ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ಹೆಪ್ಪು ಬಳಸುವ ಪದ್ಧತಿ ಹಳೆಯದು. ಅದೂ ಆಗದವರು ಚೀಸನ್ನೇ ಬಿಡಿ. ಕಡುಬಿನಂಥ ಖಿಂಕಾಲಿ ಆಲೂಗಡ್ಡೆ, ಅಣಬೆ ತುಂಬಿದ್ದೂ ಸಿಗುತ್ತದೆ, ಆದರೆ ಮಾಂಸದ್ದನ್ನು ಬೇಯಿಸಿದ ನೀರಲ್ಲೇ ಅದೂ ಬೆಂದಿರಬಹುದು. ಮಡಿ ಎಷ್ಟು ಎಂಬುದನ್ನು ನೀವೇ ತೀರ್ಮಾನ ಮಾಡಿ. ಬೆಳ್ಳುಳ್ಳಿ ಬಿಟ್ಟವರಿಗೆ ಮಾತ್ರ ಅವಲಕ್ಕಿಯೇ ಗತಿ.

ನಾನು ಕುಡಿಯುವುದಿಲ್ಲ. ಊಟಕ್ಕೆ ಕರೆದವರು ಕುಡಿ ಕುಡಿ ಅಂತ ಗಂಟುಬೀಳುತ್ತಾರಂತೆ. ತಪ್ಪಿಸಿಕೊಳ್ಳುವುದು ಹ್ಯಾಂಗ್ರಿ? – ಬಿ.ಎಂ., ಹುಬ್ಬಳ್ಳಿ

ತಪ್ಪಿಸಿಕೊಳ್ಳುವುದು ಯಾಕ್ರಿ, ಕೂತ್ಕೊಳ್ಳಿ. ಅಲ್ಲಿನ ಹಬ್ಬದೂಟಕ್ಕೆ ಸುಪ್ರಾ ಎನ್ನುತ್ತಾರೆ. ಅದನ್ನು ನಡೆಸುವ ಯಜಮಾನ ತಮಾದಾ. ಅವನು ಎದ್ದು ಒಂದೊಂದು ವಿಷಯಕ್ಕೆ ಮಾತಾಡಿ ಲೋಟ ಎತ್ತುತ್ತಾನೆ: ದೇವರಿಗೆ, ಶಾಂತಿಗೆ, ನಾಡಿಗೆ, ತೀರಿಕೊಂಡವರಿಗೆ, ಮಕ್ಕಳಿಗೆ, ಅತಿಥಿಗೆ. ಅವನು ಮಾತಾಡುವ ಮುಂಚೆ ಯಾರೂ ತಮ್ಮಷ್ಟಕ್ಕೆ ಗುಟುಕರಿಸುವಂತಿಲ್ಲ. ಊಟ ಶುರುವಾಗುವ ಮೊದಲೇ ತಮಾದಾನ ಹತ್ತಿರ ಹೋಗಿ, ನಾನು ಕುಡಿಯುವುದಿಲ್ಲ, ಆದರೆ ಮಾತಾಡುತ್ತೇನೆ ಅನ್ನಿ. ಆಮೇಲೆ ಅವನೇ ನಿಮ್ಮ ಪರ ವಾದಿಸುತ್ತಾನೆ. ಲೋಟಕ್ಕೆ ದ್ರಾಕ್ಷಿರಸವೋ, ತಾರ್‌ಹೂನಾ ಎಂಬ ಹಸಿರು ಸೋಡಾವೋ ಹಾಕಿಕೊಳ್ಳಿ.

ಕುಡಿಯದಿದ್ದರೆ ನಡೆಯುತ್ತದೆ, ಮಾತಾಡದಿದ್ದರೆ ನಡೆಯುವುದಿಲ್ಲ. ಅತಿಥಿಗೆಂದು ಲೋಟ ಎತ್ತಿದಾಗ ನೀವು ಎದ್ದು ಉತ್ತರ ಕೊಡಲೇಬೇಕು. ನಿಮ್ಮ ತಾಯಿ, ನಿಮ್ಮ ಊರು, ಆ ಮನೆಯ ಹಿರಿಯರು, ಇಷ್ಟನ್ನು ಸೇರಿಸಿ ಐದಾರು ಮಾತು ಸಿದ್ಧ ಮಾಡಿಕೊಂಡಿರಿ. ಕನ್ನಡದಲ್ಲೇ ಹೇಳಿದರೂ ಆಯಿತು, ಕೊನೆಗೆ 'ಗೌಮಾರ್ಜೋಸ್' ಅಂದರೆ ಮೇಜೆಲ್ಲ ಎದ್ದು ನಿಲ್ಲುತ್ತದೆ. ನಡುವೆ ಹಾಡು ಬರುತ್ತದೆ. ಇಬ್ಬರು ಮೇಲೆ ಹಾಡುತ್ತಾರೆ, ಉಳಿದವರೆಲ್ಲ ಕೆಳಗೆ ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ. ಆ ಕೆಳಸ್ವರಕ್ಕೆ ನೀವೂ ಸೇರಿಕೊಳ್ಳಬಹುದು, ಯಾರೂ ಬೇಡ ಅನ್ನುವುದಿಲ್ಲ. ಕಾಖೇತಿಯ ಇಂಥದ್ದೇ ಒಂದು ಹಾಡನ್ನು 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿಟ್ಟು ಆಕಾಶಕ್ಕೆ ಕಳಿಸಿದ್ದಾರೆ. ಅದೇ ತಟ್ಟೆಯಲ್ಲಿ ನಮ್ಮ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರಕರ್ ಅವರ ಹಾಡೂ ಇದೆ. ಹುಬ್ಬಳ್ಳಿಯವರಿಗೆ ಇದನ್ನು ಹೇಳದೆ ಇರಲಾಗಲಿಲ್ಲ.

ನಾನು ಹಳೆಯ ಪೈಲ್ವಾನ. ಅಲ್ಲಿ ಕುಸ್ತಿ ಇದೆಯೇ ತಾಯಿ? – ಎಚ್.ಎನ್., ದಾವಣಗೆರೆ

ಇದೆ, ನಿಮ್ಮ ಮನಸ್ಸು ತುಂಬುವಷ್ಟು ಇದೆ. ಹೆಸರು ಚಿದಾಓಬಾ. ಯುನೆಸ್ಕೋ ಪಟ್ಟಿಗೆ 2018ರಲ್ಲಿ ಸೇರಿದೆ. ತೋಳು ಗಿಡ್ಡದ ದಪ್ಪ ಅಂಗಿ ಹಾಕಿ, ಸೊಂಟಕ್ಕೆ ಪಟ್ಟಿ ಬಿಗಿದು ಕಣಕ್ಕೆ ಇಳಿಯುತ್ತಾರೆ. ಡೋಲಿ ಎಂಬ ಮದ್ದಳೆ ಮತ್ತು ಜುರ್ನಾ ಎಂಬ ಊದುವ ವಾದ್ಯ ಜೋರಾದಂತೆ ಪಟ್ಟು ಬೀಳುತ್ತದೆ. ಕಣಕ್ಕೆ ಬರುವುದೂ ಹೋಗುವುದೂ ಕುಣಿಯುತ್ತಲೇ. ಸುಮಾರು 200 ಪಟ್ಟುಗಳಿವೆ ಅನ್ನುತ್ತಾರೆ.

ಹಳ್ಳಿಯ ಹಬ್ಬಗಳಲ್ಲಿ ನೋಡಬೇಕು. ಬೇಸಿಗೆಯಲ್ಲಿ ತುಶೇತಿ ಬೆಟ್ಟದ ಓಮಾಲೋದಲ್ಲಿ ನಡೆಯುವ ತುಶೇತೋಬಾದಲ್ಲಿ ಕುದುರೆ ಓಟದ ಜೊತೆ ಕುಸ್ತಿಯೂ ಇರುತ್ತದೆ. ಆದರೆ ಆ ದಾರಿ 2,800 ಮೀಟರಿಗೂ ಎತ್ತರದ ಅಬಾನೋ ಕಣಿವೆ ದಾಟಬೇಕು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಡಾಂಬರು ಇಲ್ಲ. ಮಂಡಿ, ಎದೆ ಎರಡೂ ಗಟ್ಟಿ ಇದ್ದರೆ ಮಾತ್ರ, ಅಲ್ಲಿನ ಡ್ರೈವರ್ ಜೊತೆ ಹೋಗಿ. ಹಂದಿಮಾಂಸ ಆ ಬೆಟ್ಟದಲ್ಲಿ ನಿಷಿದ್ಧ, ಬ್ಯಾಗಿನಲ್ಲೂ ಒಯ್ಯಬಾರದು. ಕಲ್ಲು ಪೇರಿಸಿದ ಗುಡಿಗಳ ಹತ್ತಿರ ಹೆಂಗಸರು ಹೋಗುವಂತಿಲ್ಲ. ನನಗೆ ಅದು ಹಿಡಿಸಲಿಲ್ಲ, ಆದರೂ ದೂರವೇ ನಿಂತೆ.

ಮಗ ಟಿಬಿಲಿಸಿಯಲ್ಲಿ ಡಾಕ್ಟರ್ ಓದುತ್ತಿದ್ದಾನೆ. ನಾವು ಜುಲೈನಲ್ಲಿ ಹೋಗುತ್ತೇವೆ. ಜುಲೈನಲ್ಲಿ ಏನೂ ಇಲ್ಲವೇ? – ಆರ್.ಪಿ., ಕಲಬುರಗಿ

ಕಲಬುರಗಿಯವರಿಗೆ ಅಲ್ಲಿನ ಜುಲೈ ಸೆಕೆ ಏನೂ ಅನ್ನಿಸಲಿಕ್ಕಿಲ್ಲ. 2004ರಲ್ಲಿ ಶುರುವಾದ ಆರ್ಟ್-ಜೀನ್ ಎಂಬ ಜಾನಪದ ಮೇಳ ಸಾಮಾನ್ಯವಾಗಿ ಆ ತಿಂಗಳಲ್ಲೇ. ಈ ಸಲ ಇದೆಯೇ ಎಂದು ಮಗನ ಕೈಲಿ ವಿಚಾರಿಸಿ. ಇಲ್ಲದಿದ್ದರೂ ಅದು ನಡೆಯುತ್ತಿದ್ದ ಜಾಗಕ್ಕೆ ಹೋಗಿ. ಟಿಬಿಲಿಸಿಯ ಆಮೆಕೆರೆಯ (ಟರ್ಟಲ್ ಲೇಕ್) ದಾರಿಯಲ್ಲಿ, ಗುಡ್ಡದ ಮೇಲಿನ ಬಯಲು ವಸ್ತುಸಂಗ್ರಹಾಲಯ, ಗಿಯೋರ್ಗಿ ಚಿತಾಯಾ 1966ರಲ್ಲಿ ಕಟ್ಟಿದ್ದು. ಎಲ್ಲ ಸೀಮೆಗಳ ಹಳೆಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ದರ್ಬಾಜಿ ಎಂಬ ಮನೆಯೊಳಗೆ ನಿಂತು ತಲೆ ಎತ್ತಿ ನೋಡಿ: ಮರದ ತೊಲೆಗಳು ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತಾ ಹೋಗಿ, ತುದಿಯಲ್ಲಿ ಹೊಗೆಗೂ ಬೆಳಕಿಗೂ ಒಂದೇ ಕಿಂಡಿ. ಆ ಭಾರವನ್ನು ಹೊತ್ತ ಕೆತ್ತನೆಯ ಕಂಬಕ್ಕೆ ತಾಯಿಕಂಬ ಎಂದೇ ಹೆಸರು.

ಇಗರ್ಜಿ ಹಬ್ಬದಲ್ಲಿ ಕುರಿ ಕಡಿಯುತ್ತಾರೆ ಎಂದು ಓದಿದೆ. ನಿಜವೇ? – ಎಲ್., ಮಂಗಳೂರು

ನಿಜ. ಅಲಾವೆರ್ದೋಬಾದಲ್ಲೂ, ಈಸ್ಟರ್ ಆದ ಏಳನೇ ವಾರದ ಬುಧವಾರ ಮ್ಲೇತಾ ಊರಿನ ಮೇಲಿನ ಗುಡ್ಡದಲ್ಲಿ ನಡೆಯುವ ಲೋಮಿಸೋಬಾದಲ್ಲೂ ಹರಕೆಯ ಕುರಿ ತರುತ್ತಾರೆ. ಗುಡಿಗೆ ಮೂರು ಸುತ್ತು ಹಾಕಿಸಿ, ಆಮೇಲೆ ಹೊರಗೆ ಕಡಿದು, ಅಲ್ಲೇ ಬೇಯಿಸಿ ಬಂದವರಿಗೆಲ್ಲ ಬಡಿಸುತ್ತಾರೆ. ನೋಡಲಾಗದವರು ಪೂಜೆ ಮುಗಿಸಿಕೊಂಡು ಬೇಗ ಇಳಿದುಬಿಡಿ.

ಮನೆಗೆ ಏನು ತರಲಿ? – ಅದೇ ಹಾಸನದ ಎಸ್.ಆರ್.

ಚುರ್ಚ್‌ಖೇಲಾ. ಅಕ್ರೋಟಿನ ಹೋಳುಗಳನ್ನು ದಾರಕ್ಕೆ ಪೋಣಿಸಿ, ದ್ರಾಕ್ಷಿರಸಕ್ಕೆ ಹಿಟ್ಟು ಹಾಕಿ ಮಂದವಾಗಿ ಕಾಯಿಸಿದ ಪಾಕದಲ್ಲಿ ಅದ್ದಿ, ಕೋಲಿಗೆ ನೇತುಹಾಕಿ ಒಣಗಿಸಿದ್ದು. ಹಾಲಿಲ್ಲ, ಮೊಟ್ಟೆಯಿಲ್ಲ. ಹೆದ್ದಾರಿ ಬದಿಯಲ್ಲಿ ಧೂಳು ಕುಡಿಯುತ್ತಾ ತೂಗುವುದನ್ನು ಬಿಟ್ಟು, ತೆಲಾವಿಯ ಸಂತೆಯಲ್ಲಿ ಅಥವಾ ನೀವು ತಂಗಿದ ಮನೆಯಲ್ಲಿ ಕೊಳ್ಳಿ. ಬೆರಳಲ್ಲಿ ಒತ್ತಿದರೆ ಸ್ವಲ್ಪ ಬಗ್ಗಬೇಕು. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೆವರುತ್ತದೆ, ಹತ್ತಿ ಬಟ್ಟೆಯಲ್ಲಿ ಸುತ್ತಿ ತನ್ನಿ. ಕೆಲವು ವಾರ ಕಳೆದ ಮೇಲೆ ಮೈಮೇಲೆ ಬಿಳಿ ಪುಡಿ ಕಾಣಿಸಿಕೊಂಡರೆ ಬೂಸ್ಟು ಬಂತೆಂದು ಎಸೆಯಬೇಡಿ, ಮೊದಲು ಮೂಸಿ ನೋಡಿ. ಮುಗ್ಗಲು ವಾಸನೆ ಇಲ್ಲದಿದ್ದರೆ ಅದು ದ್ರಾಕ್ಷಿಯದೇ ಸಕ್ಕರೆ.