ಓದುಗರ ಪ್ರಶ್ನೆ: ಅಳತೆಯ ಕೋಲು, ತೊಟ್ಟಿಲ ಸರದಿ

ಪ್ರಶ್ನೆ: ಕಳೆದ ರಜೆಯಲ್ಲಿ ಬೆಂಗಳೂರಿನ ಒಂದು ಮನರಂಜನಾ ಪಾರ್ಕಿಗೆ ಹೋಗಿದ್ದೆವು. ಒಂದು ತಾಸು ಸರದಿಯಲ್ಲಿ ನಿಂತ ಮೇಲೆ, ಎರಡು ಬೆರಳಿನಷ್ಟು ಎತ್ತರ ಕಡಿಮೆಯೆಂದು ನಮ್ಮ ಎಂಟು ವರ್ಷದ ಮಗನನ್ನು ರೋಲರ್ ಕೋಸ್ಟರ್ ಹತ್ತಲು ಬಿಡಲಿಲ್ಲ. ನಮ್ಮವರು ಗೇಟಿನ ಹುಡುಗನೊಂದಿಗೆ ಜಗಳಕ್ಕೇ ನಿಂತರು. ಅದೇ ಮಗ ಮಾರಿಕಾಂಬಾ ಜಾತ್ರೆಯಲ್ಲಿ ಚಕ್ರದಂತೆ ತಿರುಗುವ ತೊಟ್ಟಿಲು, ದೋಣಿಯಂತೆ ತೂಗುವ ಕೊಲಂಬಸ್ ಎಲ್ಲವನ್ನೂ ಹತ್ತಿ ಬಂದವನು. ಹಣ ಕೊಟ್ಟವರನ್ನು ಹೀಗೆ ಹಿಂದೆ ಕಳಿಸುವುದು ಸರಿಯೇ?
– ಒಬ್ಬ ತಾಯಿ, ಶಿರಸಿ

ಉತ್ತರ: ಸರಿ. ಮಗ ಅಳುವಾಗ ತಂದೆಗೆ ಸಿಟ್ಟು ಬರುವುದು ಸಹಜ, ಆದರೆ ಆ ಹುಡುಗ ಮಾಡಿದ್ದು ತನ್ನ ಕೆಲಸವನ್ನು. ರೋಲರ್ ಕೋಸ್ಟರಿನಲ್ಲಿ ತೊಡೆಯ ಮೇಲೆ ಇಳಿದು ಕೂರುವ ಸರಳನ್ನು ಒಂದು ಅಳತೆಯ ದೇಹಕ್ಕೆ ಹೊಂದುವಂತೆ ಮಾಡಿರುತ್ತಾರೆ. ಇಬ್ಬರಿಗೆ ಒಂದೇ ಸರಳು ಇರುವ ಆಸನದಲ್ಲಿ ಅದು ಅಪ್ಪನ ಹೊಟ್ಟೆಗೆ ತಾಗಿ ನಿಂತುಬಿಡುತ್ತದೆ. ಪಕ್ಕದಲ್ಲಿ ಕುಳಿತ ಮಗನ ತೊಡೆಗೂ ಸರಳಿಗೂ ನಡುವೆ ಒಂದು ಗೇಣು ಜಾಗ ಉಳಿಯುತ್ತದೆ. ಗಾಡಿ ಏರಿನ ತುದಿಯಿಂದ ಒಮ್ಮೆಲೇ ಕೆಳಗಿಳಿಯುವಾಗ ಮೈ ಆಸನವನ್ನು ಬಿಟ್ಟು ಮೇಲೇಳುತ್ತದೆ, ಆಗ ಮಗು ಜಾರಿಹೋಗುವುದಕ್ಕೆ ಆ ಒಂದು ಗೇಣು ಸಾಕು. ವಯಸ್ಸನ್ನು ಬಿಟ್ಟು ಎತ್ತರವನ್ನೇ ನೋಡುವುದು ಈ ಕಾರಣಕ್ಕೆ. ದೊಡ್ಡ ಆಟಗಳಿಗೆ ಕೆಲವೆಡೆ 120 ಸೆಂಟಿಮೀಟರ್, ಕೆಲವೆಡೆ 140 ಸೆಂಟಿಮೀಟರ್ ಎಂದು ಗೆರೆ ಎಳೆದಿರುತ್ತಾರೆ. ಕೋಲಿನ ಕೆಳಗೆ ತುದಿಗಾಲಲ್ಲಿ ನಿಲ್ಲುವಂತೆ ಮಗಳಿಗೆ ಕಿವಿಯಲ್ಲಿ ಹೇಳಿಕೊಡುತ್ತಿದ್ದ ತಂದೆಯೊಬ್ಬರನ್ನು ನಾನೇ ಕಂಡಿದ್ದೇನೆ. ಅವರು ಮೋಸಮಾಡಲು ಹೊರಟದ್ದು ಯಾರಿಗೆ ಎಂದು ಆಮೇಲೂ ಬಹಳ ಹೊತ್ತು ಯೋಚಿಸಿದೆ. ಹೊರಡುವ ಮೊದಲು ಮನೆಯ ಬಾಗಿಲ ಚೌಕಟ್ಟಿಗೆ ಮಗುವನ್ನು ನಿಲ್ಲಿಸಿ ಅಳೆದುಕೊಳ್ಳಿ, ಪಾರ್ಕಿನ ಒಳಗೆ ಹೋದ ಕೂಡಲೇ ಯಾವ ಆಟಕ್ಕೆ ಎಷ್ಟು ಎತ್ತರ ಬೇಕೆಂದು ಫಲಕದಲ್ಲಿ ಓದಿಕೊಳ್ಳಿ. ಸರದಿಯ ತುದಿಯಲ್ಲಿ ಅಳುವ ಪ್ರಸಂಗ ಬರುವುದಿಲ್ಲ.

ಜಾತ್ರೆಯಲ್ಲಿ ಹತ್ತಿದ್ದನೆಂಬ ಮಾತಿಗೆ ಬರೋಣ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ಲಾರಿಯಲ್ಲಿ ಬಂದು, ಬಯಲಿನಲ್ಲಿ ಬೋಲ್ಟ್ ಬಿಗಿದು ನಿಲ್ಲಿಸಿ, ಮತ್ತೆ ಬಿಚ್ಚಿಕೊಂಡು ಹೋಗುವ ಯಂತ್ರವದು. ಅಲ್ಲಿ ಅಳೆಯುವವರು ಇಲ್ಲವೆಂದರೆ ಅಳೆಯುವ ಕೆಲಸ ನಿಮ್ಮ ಪಾಲಿಗೆ ಬಂತು ಎಂದೇ ಅರ್ಥ. ಹತ್ತುವ ಮೊದಲು ಒಂದು ಸುತ್ತು ಸುಮ್ಮನೆ ನಿಂತು ನೋಡಿ. ಡಬ್ಬಿಯ ಬಾಗಿಲಿಗೆ ಕೊಂಡಿಯ ಜೊತೆಗೆ ಪಿನ್ನು ಇದೆಯೋ, ತಂತಿ ಸುತ್ತಿದ್ದಾರೋ? ಕಂಬದ ಬುಡದ ಹಲಗೆಗಳು ಮಟ್ಟವಾಗಿ ಕೂತಿವೆಯೋ? ಯಂತ್ರ ತಿರುಗುವಾಗ ಅದನ್ನು ನಡೆಸುವವನ ಕಣ್ಣು ಯಂತ್ರದ ಮೇಲಿದೆಯೋ, ಮೊಬೈಲಿನ ಮೇಲೋ? ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಪಾರ್ಕಿನಲ್ಲಿ 2019ರ ಜುಲೈ 14ರಂದು ತೂಗುವ ಆಟವೊಂದು ಮುರಿದು ಬಿದ್ದು ಇಬ್ಬರು ತೀರಿಕೊಂಡರು. ಅಲ್ಲಿ ಕುಳಿತವರ ತಪ್ಪೇನೂ ಇರಲಿಲ್ಲ. ಹೊರಗಿನಿಂದ ನೋಡಿ ಎಲ್ಲವೂ ತಿಳಿಯುವುದಿಲ್ಲ ನಿಜ, ಆದರೆ ತಂತಿ ಸುತ್ತಿದ ಬಾಗಿಲು ಕಂಡರೆ ಟಿಕೆಟಿನ ಹಣ ಹೋದರೆ ಹೋಗಲಿ, ಹಿಂದಿರುಗಿ ಬನ್ನಿ.

ಪ್ರಶ್ನೆ: ಜಾತ್ರೆಯ ತೊಟ್ಟಿಲಿಗೆ ನಾವು ಮೊದಲು ಬಂದು ನಿಂತಿದ್ದರೂ ನಮ್ಮ ಹಿಂದಿನವರನ್ನು ಮುಂಚೆ ಕೂರಿಸಿದರು. ಇದು ಅನ್ಯಾಯವಲ್ಲವೇ? ಅಲ್ಲದೆ ಜಡೆ ಕಟ್ಟಿಕೊಳ್ಳಿ, ವೇಲ್ ತೆಗೆಯಿರಿ ಎಂದು ನನ್ನ ತಂಗಿಗೆ ಎಲ್ಲರ ಎದುರು ಗದರಿಸಿದರು.
– ಓದುಗ, ಕುಮಟಾ

ಉತ್ತರ: ತೊಟ್ಟಿಲನ್ನು ಬಸ್ಸಿನಂತೆ ಬಂದ ಸಾಲಿನಲ್ಲಿ ತುಂಬಲು ಆಗುವುದಿಲ್ಲ. ಒಂದೇ ಮಗ್ಗುಲಿನ ಡಬ್ಬಿಗಳು ತುಂಬಿ ಎದುರಿನವು ಖಾಲಿ ಉಳಿದರೆ ಚಕ್ರ ಭಾರದ ಕಡೆಗೆ ಎಳೆಯುತ್ತದೆ, ಮೋಟಾರಿಗೂ ಬ್ರೇಕಿಗೂ ಅದು ಹೊರೆ. ಆದ್ದರಿಂದ ಒಂದು ಡಬ್ಬಿ ತುಂಬಿದ ಮೇಲೆ ಅರ್ಧ ಸುತ್ತು ತಿರುಗಿಸಿ ಎದುರಿನದನ್ನು ತುಂಬುತ್ತಾರೆ, ನಾಲ್ವರ ಕುಟುಂಬಕ್ಕೆ ಎದುರಾಗಿ ಇನ್ನೊಂದು ನಾಲ್ವರ ಗುಂಪನ್ನು ಹುಡುಕುತ್ತಾರೆ. ನಿಮ್ಮ ಹಿಂದಿನವರನ್ನು ಮುಂಚೆ ಕರೆದದ್ದು ಬಹುಶಃ ಹಾಗೆ. ಅದೇ ಕಾರಣಕ್ಕೆ ಚಕ್ರ ನಿಂತಿರುವಾಗ ಡಬ್ಬಿ ಬದಲಿಸುವುದು, ಫೋಟೋಕ್ಕಾಗಿ ಎದ್ದು ನಿಲ್ಲುವುದು, ಡಬ್ಬಿಯನ್ನು ಬೇಕೆಂದೇ ತೂಗುವುದು ಸಲ್ಲದು. ಆದರೆ ನೆಂಟರಿಗೆಂದು ಒಬ್ಬನೇ ಹತ್ತು ಜನರ ಜಾಗ ಹಿಡಿದು ನಿಲ್ಲುವ ನಮ್ಮ ಕಡೆಯ ಅಭ್ಯಾಸವಿದೆಯಲ್ಲ, ಅದು ನಿಜವಾದ ಅನ್ಯಾಯ.

ಜಡೆಯ ಮಾತನ್ನು ಅವರು ಮೆತ್ತಗೆ ಹೇಳಬಹುದಿತ್ತು. ಆದರೂ ಹೇಳಿದ್ದು ಸರಿ. ತಿರುಗುವ ಅಚ್ಚಿಗೆ ಕೂದಲ ತುದಿಯೋ ವೇಲಿನ ಅಂಚೋ ಒಮ್ಮೆ ಸುತ್ತಿಕೊಂಡರೆ ಕೂಗು ಕೇಳಿ ಯಂತ್ರ ನಿಲ್ಲಿಸುವಷ್ಟರಲ್ಲಿ ನೆತ್ತಿಯ ಚರ್ಮವೇ ಕಿತ್ತುಬರಬಹುದು. ಜಡೆಯನ್ನು ತುರುಬು ಕಟ್ಟಿ, ವೇಲನ್ನು ಮಡಚಿ ಚೀಲದೊಳಗಿಟ್ಟು, ಚೀಲವನ್ನು ಕೆಳಗೆ ನಿಂತವರ ಕೈಗೆ ಕೊಟ್ಟು ಹತ್ತಬೇಕು.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳನ್ನು ವಾಟರ್ ಪಾರ್ಕಿಗೆ ಪ್ರವಾಸ ಕರೆದೊಯ್ಯಲಿದ್ದೇವೆ. ಎಲ್ಲರೂ ಕಡಲ ದಂಡೆಯಲ್ಲಿ ಬೆಳೆದವರು, ನೀರಿನ ಭಯವಿಲ್ಲ. ಏನೇನು ಹೇಳಿಕೊಡಬೇಕು?
– ಶಿಕ್ಷಕಿ, ಕಾರವಾರ

ಉತ್ತರ: ನೀರಿನ ಭಯವಿಲ್ಲದಿರುವುದೇ ನನಗೆ ಚಿಂತೆ. ಟ್ಯಾಗೋರ್ ಕಡಲತೀರದಲ್ಲಿ ಅಲೆಗೆ ತಲೆಕೊಟ್ಟು ನುಗ್ಗುವ ಹುಡುಗ ಜಾರುಬಂಡಿಯಲ್ಲಿಯೂ ತಲೆ ಮುಂದೆ ಮಾಡಿಯೇ ಜಾರುತ್ತಾನೆ. ಆದರೆ ಅದರ ಕೆಳಗಿನ ಕೊಳದಲ್ಲಿ ಹೆಚ್ಚೆಂದರೆ ಎದೆಮಟ್ಟದ ನೀರು, ತಳದಲ್ಲಿ ಸಿಮೆಂಟು. ಪೆಟ್ಟು ಬೀಳುವುದು ಕುತ್ತಿಗೆಗೆ. ಕಾಲು ಮುಂದೆ, ಕೈ ಎದೆಯ ಮೇಲೆ, ಮುಂದಿನವನು ಕೊಳದಿಂದ ಆಚೆ ಹೋದ ಮೇಲಷ್ಟೇ ಹಿಂದಿನವನು ಎಂದು ಇಲ್ಲಿಯೇ ಅಂಗಳದಲ್ಲಿ ಅಭ್ಯಾಸ ಮಾಡಿಸಿ.

ನೀರಿಗಿಳಿಯುವ ಮೊದಲು ಎಲ್ಲರೂ ಶವರಿನಲ್ಲಿ ಮೈ ತೊಳೆಯಬೇಕು. ಕೊಳದ ಘಾಟು ವಾಸನೆ, ಕಣ್ಣುರಿ ಇವು ಕ್ಲೋರಿನ್ ಹೆಚ್ಚಾದದ್ದರಿಂದ ಎಂದು ನಾವು ದೂರುತ್ತೇವೆ; ಬಹುಪಾಲು ಅದು ಕ್ಲೋರಿನ್ ನಮ್ಮ ಬೆವರು, ಮೂತ್ರಗಳೊಡನೆ ಸೇರಿ ಕ್ಲೋರಮೈನ್ ಆಗಿದ್ದರ ಫಲ. ಭೇದಿಯಾಗಿರುವ ಮಗುವನ್ನು ಆ ದಿನ ಮೇಲೆಯೇ ಕೂರಿಸಿ, ಏಕೆಂದರೆ ಕ್ರಿಪ್ಟೊಸ್ಪೊರಿಡಿಯಂನಂಥ ಪರೋಪಜೀವಿ ಕ್ಲೋರಿನ್ ಬೆರೆತ ನೀರಿನಲ್ಲಿಯೂ ದಿನಗಟ್ಟಲೆ ಬದುಕುತ್ತದೆ. ಹತ್ತಿಯ ಬಟ್ಟೆ ನೀರು ಕುಡಿದು ಭಾರವಾಗುವುದರಿಂದ ನೈಲಾನ್ ಉಡುಪನ್ನು ಇಲ್ಲಿಂದಲೇ ಒಯ್ದರೆ ಬಾಡಿಗೆ ಉಳಿಯುತ್ತದೆ.

ಲೈಫ್‌ಗಾರ್ಡ್ ಇದ್ದಾನೆಂದು ನೀವು ಕ್ಯಾಂಟೀನಿನಲ್ಲಿ ಕೂರಬೇಡಿ. ನಮ್ಮ ಜಿಲ್ಲೆಯ ಮುರುಡೇಶ್ವರಕ್ಕೆ 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದದ್ದು ನಿಮಗೂ ನೆನಪಿರಬಹುದು. ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಕೊಳದ ದಂಡೆಯಲ್ಲಿ ನಿಂತಿರಲಿ, ಆ ಹತ್ತೂ ಮಕ್ಕಳಿಗೆ ಒಂದೇ ಬಣ್ಣದ ಟೋಪಿ ಹಾಕಿಸಿ, ಅರ್ಧ ತಾಸಿಗೊಮ್ಮೆ ಸೀಟಿ ಊದಿ ಎಲ್ಲರನ್ನೂ ಮೇಲೆ ಕರೆದು ಎಣಿಸಿ.